ಕಿವಿಯಿಲ್ಲದ ಪರದೆ

ಈಗ ಎಲ್ಲರ ಮನೆಯ ಪ್ಲಾಸ್ಟಿಕ್ ನೂಲಿನ ಪರದೆಯೂ ಬಚ್ಚಲಲ್ಲಿ ಆಡಿದ ಮಾತನ್ನು ಕೊಂಡವರ ಫೋನಿಗೆ ಮುಟ್ಟಿಸುತ್ತದೆ. ಅದಕ್ಕೇ ಭಾರ್ಗವಿ ಹತ್ತಿಯದ್ದೇ ಬೇಕೆಂದು ಹಟ ಹಿಡಿದಿದ್ದಳು. ಗಂಡ ಸುಧೀಂದ್ರನೇ ಹುಡುಕಿ ತಂದು ನೇತುಹಾಕಿದ್ದ.

"ಅಪ್ಪಟ ಹತ್ತಿ ಕಣೇ. ಇದಕ್ಕೆ ಕಿವಿ ಇಲ್ಲ, ಎಷ್ಟು ಬೇಕಾದ್ರೂ ಅಳು."

ಅವಳು ದಿನವೂ ನಲ್ಲಿ ಬಿಟ್ಟುಕೊಂಡು ಅತ್ತಳು, ತೀರಿಹೋದ ಅಮ್ಮನೊಡನೆ ಮಾತಾಡಿದಳು.

ಇವತ್ತು ತಿಂಡಿ ತಿನ್ನುತ್ತಾ ಅವನೆಂದ: "ನಿಮ್ಮಮ್ಮನ ಹತ್ರ ನನ್ನ ಮೇಲೆ ದೂರು ಹೇಳಿದ್ದು ಸಾಕು."

ಭಾರ್ಗವಿ ಎದ್ದುಹೋಗಿ ಪರದೆಯ ಅಂಚಿನಿಂದ ಒಂದೆಳೆ ಕಿತ್ತಳು. ಸೀರೆ ಪರೀಕ್ಷಿಸಲು ಅಮ್ಮ ಮಾಡುತ್ತಿದ್ದಂತೆ ಕಡ್ಡಿ ಗೀರಿ ಹಿಡಿದಳು. ಹತ್ತಿಯಾಗಿದ್ದರೆ ಬೂದಿಯಾಗಬೇಕಿತ್ತು. ಎಳೆ ಕರಗಿ, ಮುದುರಿ, ಅವಳ ಕೊರಳಲ್ಲಿರುವಂಥದ್ದೇ ಒಂದು ಕರಿಮಣಿಯಾಯಿತು.

"ಅಮ್ಮಾ, ನಾನು ಈ ಮನೆ ಬಿಡ್ತಿದೀನಿ," ಎಂದು ಪರದೆಗೇ ಹೇಳಿದಳು.

ಊಟದ ಮೇಜಿನ ಮೇಲೆ ಅವನ ಫೋನು ಟಣ್ ಎಂದಿತು.