ಮರ್ಲಾ ಬರೆದ ಲೆಕ್ಕ

ಎಂಟನೆಯ ಲೆಕ್ಕದ ನಡುವೆ ಹೆಸ್ಟರ್ ಎದ್ದುಹೋಗಿ ಬಾಗಿಲಿಗೆ ಅಗುಳಿ ಹಾಕಿದಳು. ರಸ್ತೆಯ ತುದಿಯಲ್ಲಿ ದೂಳೆದ್ದಿತ್ತು. ಓಪಲ್ ರತ್ನ ಅಗೆಯುವ ಗಣಿಗಳ ಈ ಬಯಲಿನಲ್ಲಿ ನಡುಮಧ್ಯಾಹ್ನ ಯಾರೂ ಕಾರು ಹೊರತೆಗೆಯುವುದಿಲ್ಲ. ತೆಗೆದರೆ ಅವರು ಹೊರಗಿನವರೇ.

“ನೀನು ನಿಲ್ಲಿಸ್ಬೇಡ, ಮರ್ಲಾ. ಹೊತ್ತು ಓಡ್ತಾ ಇದೆ.”

“ಹೂಂ,” ಎಂದಳು ಒಂಬತ್ತು ವರ್ಷದ ಮರ್ಲಾ. ಸ್ವಲ್ಪ ತಡೆದು, “ಅಮ್ಮ,” ಎಂದು ಸೇರಿಸಿದಳು.

ಗುಡ್ಡದ ಹೊಟ್ಟೆಯೊಳಗೆ ಕೊರೆದ ಮನೆ ಅದು. ತಂಪು, ಮೌನ, ಒಂದೇ ಒಂದು ಬಾಗಿಲು. ಇಬ್ಬರೂ ಇಲ್ಲಿಗೆ ಬಂದು ಎರಡು ವರ್ಷ. ಹೆಸ್ಟರ್ ಈ ಊರನ್ನು ಯೋಚಿಸಿಯೇ ಆರಿಸಿದ್ದಳು. ಇಲ್ಲಿ ಯಾರೂ ಯಾರ ಮನೆತನದ ಹೆಸರನ್ನೂ ಕೇಳುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ನೆಲ ಅಗೆಯುವ ಈ ಜನಕ್ಕೆ ಇನ್ನೊಬ್ಬರ ಹಿಂದಿನ ಬದುಕನ್ನು ಅಗೆಯಬಾರದು ಎಂಬ ಮರ್ಯಾದೆಯಿತ್ತು.

ಪಕ್ಕದ ಗಣಿಯ ಸ್ಟೀಪೆ ಬೆಳಿಗ್ಗೆ ನೀರಿನ ಡ್ರಮ್ಮು ಇಳಿಸುವಾಗಲೇ ಸುದ್ದಿ ತಂದಿದ್ದ.

“ಟೀಚರಮ್ಮ, ನಿನ್ನೆ ಪೋಸ್ಟಾಫೀಸಲ್ಲಿ ಒಬ್ಬ ದಪ್ಪನೆ ಮನುಷ್ಯ ಕೇಳ್ತಿದ್ನಂತೆ. ಲೆಕ್ಕದಲ್ಲಿ ಚುರುಕಾಗಿರೋ ಹುಡುಗಿ ಇಲ್ಲೆಲ್ಲಿದಾಳೆ ಅಂತ.”

“ಏನು ಹೇಳಿದ್ರು?”

“ಈ ಊರಲ್ಲಿ ಯಾರಿಗೂ ಕೂಡೋಕೂ ಬರಲ್ಲ ಅಂದ್ರಂತೆ.” ಸ್ಟೀಪೆ ನಕ್ಕ. ಆಮೇಲೆ ದನಿ ತಗ್ಗಿಸಿದ. “ನೀವು ಹೇಳಿದ್ರಲ್ಲ, ಅವನೇನಾ?”

“ಅವನೇ.”

“ಬರ್ಲಿ ಬಿಡಿ. ನನ್ನ ಹತ್ರ ಗುದ್ದಲಿ ಇದೆ. ಮಗೂನ ಮುಟ್ಟೋಕೆ ಬಿಡಲ್ಲ.”

ಆ ಮಾತಿಗೆ ಹೆಸ್ಟರಳ ಕಣ್ಣು ತುಂಬಿತ್ತು. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮಾಂಸದಂಗಡಿ ನಡೆಸುತ್ತಿದ್ದ ಆ ಮನುಷ್ಯನ ದಪ್ಪ ಕೈಗಳು ಅವಳ ಕಣ್ಣಿಗೆ ಕಟ್ಟಿದಂತಿದ್ದವು. ‘ಹೆಣ್ಣುಮಗೂಗೆ ಇಷ್ಟೊಂದು ಲೆಕ್ಕ ಯಾಕೆ? ಅಂಗಡೀಲಿ ಚಿಲ್ಲರೆ ಕೊಡೋಕೆ ಬಂದ್ರೆ ಸಾಕು,’ ಎಂದು ಅವಳ ಮುಖಕ್ಕೇ ಹೇಳಿದ್ದ. ಅವನ ಮನೆಯಲ್ಲಿದ್ದಿದ್ದರೆ ಇಂಥ ತಲೆ ಕೊಳೆತೇ ಹೋಗುತ್ತಿತ್ತು. ಮರ್ಲಾಳನ್ನು ಬಿಟ್ಟು ಬದುಕಲು ಹೆಸ್ಟರಳಿಗೆ ಈಗ ಸಾಧ್ಯವೇ ಇರಲಿಲ್ಲ.

ದಿನಕ್ಕೆ ಮೂವತ್ತು ಲೆಕ್ಕ. ಎಲ್ಲ ಸರಿಯಾದರೆ ಡಬ್ಬಿಯ ಪೀಚ್ ಹಣ್ಣಿನ ಎರಡು ಹೋಳು. ಹೆಸ್ಟರ್ ಕಲಿಸಿದ್ದು ಒಂದೇ ಪಟ್ಟು: ಸ್ಪರ್ಧೆಯ ಲೆಕ್ಕದಲ್ಲಿ ಕಥೆ ಬರೀ ಬಲೆ. ರೈಲು, ಸೇಬು, ಅಣ್ಣತಮ್ಮಂದಿರು ಎಲ್ಲವನ್ನೂ ಪೆನ್ಸಿಲಿನಿಂದ ಹೊಡೆದುಹಾಕು, ಸಂಖ್ಯೆಗಳನ್ನು ಮಾತ್ರ ಉಳಿಸಿಕೋ. ಮೂವತ್ತು ವರ್ಷದ ಅಭ್ಯಾಸದಿಂದ ಹೆಸ್ಟರಳಿಗೆ ಪೆನ್ಸಿಲೂ ಬೇಕಿರಲಿಲ್ಲ. ಹಾಳೆ ನೋಡಿದರೆ ಅವಳಿಗೆ ಕಾಣಿಸುತ್ತಿದ್ದುದೇ ಅಂಕಿಗಳು.

ದೂರದ ದನದ ಕಾವಲುಗಳ, ಗಣಿಗಳ ಮಕ್ಕಳಿಗೆಂದು ಅಡಿಲೇಡ್ ನಗರದವರು ನಡೆಸುವ ಅಂಚೆ ಸ್ಪರ್ಧೆಗೆ ಮರ್ಲಾಳನ್ನು ಸೇರಿಸಿದ್ದು ಒಂದು ದುಡುಕು. ಆದರೆ ಇಂಥ ಮಗುವನ್ನು ಯಾರಿಗೂ ತೋರಿಸದೆ ಇಟ್ಟುಕೊಳ್ಳುವುದಾದರೂ ಹೇಗೆ? ಮೊದಲ ಎರಡು ಸುತ್ತಿನಲ್ಲಿ ಒಂದು ಅಂಕವೂ ಹೋಗಲಿಲ್ಲ. ಕೊನೆಯ ಸುತ್ತಿಗೆ ಮಕ್ಕಳು ತಾವೇ ಒಂದು ಲೆಕ್ಕ ಕಟ್ಟಿ ಕಳಿಸಬೇಕು, ಕಲಿಸಿದವರು ಸಹಿ ಹಾಕಬೇಕು. ಮರ್ಲಾ ಒಂದು ವಾರ ಕೂತು ಬರೆದಳು. ಹೆಸ್ಟರ್ ಸಂಖ್ಯೆಗಳ ಮೇಲೆ ಕಣ್ಣಾಡಿಸಿದಳು, ಉತ್ತರ ಸರಿಯಿತ್ತು, ಸಹಿ ಹಾಕಿ ಲಕೋಟೆ ಅಂಟಿಸಿದಳು.

ಸ್ಪರ್ಧೆಗೆ ಕೊಟ್ಟ ಹೆಸರೂ ನಿಜದ್ದಲ್ಲ. ವಿಳಾಸವೆಂದರೆ ಒಂದು ಅಂಚೆಪೆಟ್ಟಿಗೆ. ಮತ್ತೆ ಅವನಿಗೆ ಸುಳಿವು ಸಿಕ್ಕಿದ್ದು ಹೇಗೆ?

ಕಾರು ಬಾಗಿಲಲ್ಲೇ ನಿಂತಿತು.

“ಹಿಂದಿನ ಕೋಣೆಗೆ ಹೋಗು. ಉಸಿರೂ ಕೇಳಿಸ್ಬಾರ್ದು.”

“ಇನ್ನೊಂದೇ ಹೆಜ್ಜೆ ಬಾಕಿ,” ಎಂದಳು ಮರ್ಲಾ. ಅವಳ ಕಣ್ಣು ಹಾಳೆಯ ಮೇಲಿರಲಿಲ್ಲ.

ಬಾಗಿಲು ಬಡಿದ ಸದ್ದು. “ಟೀಚರಮ್ಮ, ತೆಗೀರಿ.” ಸ್ಟೀಪೆಯ ದನಿ. ಅದರಲ್ಲಿ ಎಂದಿನ ತಮಾಷೆಯಿರಲಿಲ್ಲ. “ತೆಗೀದಿದ್ರೆ ನಾನೇ ಒಡೀಬೇಕಾಗುತ್ತೆ.”

ಗುದ್ದಲಿ ಹಿಡಿದು ಕಾಯುತ್ತೇನೆಂದವನೇ ಆ ಮನುಷ್ಯನನ್ನು ಕರೆತಂದಿದ್ದ. ಹೆಸ್ಟರ್ ಅಗುಳಿ ತೆಗೆದಳು. ಸ್ಟೀಪೆಯ ಹಿಂದೆ ಒಬ್ಬ ಪೊಲೀಸ್, ಪೊಲೀಸನ ಪಕ್ಕದಲ್ಲಿ ಆ ದಪ್ಪನೆಯ ಮನುಷ್ಯ. ಅವನು ಕೂಗಾಡಲಿಲ್ಲ, ಹೆಸ್ಟರಳತ್ತ ತಿರುಗಿಯೂ ನೋಡಲಿಲ್ಲ. ಅವಳ ಭುಜದಾಚೆ ಮರ್ಲಾಳನ್ನೇ ನೋಡುತ್ತಾ ನಿಂತ.

ಪೊಲೀಸ್ ಒಂದು ಹಾಳೆ ಮುಂದೆ ಹಿಡಿದ. “ಸ್ಪರ್ಧೆಯೋರು ನಮಗೆ ಕಳಿಸಿಕೊಟ್ರು. ಕೆಳಗೆ ಇರೋದು ನಿಮ್ಮ ಸಹಿ ತಾನೆ?”

“ಲೆಕ್ಕ ಸರಿಯಾಗಿದೆ,” ಎಂದಳು ಹೆಸ್ಟರ್.

“ಲೆಕ್ಕ ಬಿಡಿ. ಮಾತುಗಳನ್ನ ಓದಿ.”

ಹೆಸ್ಟರ್ ಮೊದಲ ಸಲ ಓದಿದಳು.

“ಇಲ್ಲಿ ನನ್ನನ್ನು ಮರ್ಲಾ ಎನ್ನುತ್ತಾರೆ, ಆದರೆ ನನ್ನ ಹೆಸರು ರೊವೀನಾ ಪಾಸ್ಕೋ, ನನಗೆ ಏಳು ವರ್ಷವಿದ್ದಾಗ ನಮ್ಮ ಶಾಲೆಯ ಗಣಿತದ ಟೀಚರ್, ನನ್ನನ್ನು ಮನೆಗೆ ಬಿಡುತ್ತೇನೆಂದು ಕಾರಿನಲ್ಲಿ ಕೂರಿಸಿಕೊಂಡು, ದಿನಕ್ಕೆ 480 ಕಿಲೋಮೀಟರಿನಂತೆ 3 ದಿನ ಓಡಿಸಿ ಇಲ್ಲಿಗೆ ತಂದರು, ಅಪ್ಪ ಅದೇ ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರಿನಂತೆ ಎಲ್ಲೂ ನಿಲ್ಲದೆ ಬಂದರೆ, ನನ್ನನ್ನು ಕರೆದುಕೊಂಡು ಹೋಗಲು ಎಷ್ಟು ಗಂಟೆಯಲ್ಲಿ ಬಂದು ಮುಟ್ಟುತ್ತಾನೆ?”