ಒಳಗಿನ ಕಂಪ್ಯೂಟರು

"ಒಟ್ಟು ಎಂಟಿದೆ ಅತ್ತೆ. ನಾಲ್ಕು ಅವರಿಗೆ, ನಾಲ್ಕು ನನಗೆ," ಎನ್ನುತ್ತಾ ಸೊಸೆ ಪರದೆಯ ಮೇಲಿನ ಗುಂಡಿಯನ್ನು ಗೆರೆಯ ನಟ್ಟನಡುವಿಗೆ ಎಳೆದು ನಿಲ್ಲಿಸಿದಳು.

ಎಂಟು ಏನೆಂದು ಅತ್ತೆಗೆ ತಿಳಿಯಲಿಲ್ಲ. ಕಂಪ್ಯೂಟರಿನ ಮೆಮೊರಿ ಅಂತೆ ಅದು; ಒಲೆಗೆ ಉರಿಯಿದ್ದ ಹಾಗೆ, ಅದು ಸಾಲದಿದ್ದರೆ ಏನೂ ಬೇಯುವುದಿಲ್ಲವಂತೆ. ಅಂಗಡಿ ಬೋರ್ಡುಗಳ ಚಿತ್ರ ಮಾಡುವ ಮಗನಿಗೆ ತನ್ನ ಕಂಪ್ಯೂಟರಿನಲ್ಲಿ ಬೇರೆಯವರು ಕೈಯಾಡಿಸಿದರೆ ಆಗದು. ಅದಕ್ಕೇ ಸೊಸೆ ಅವನದೇನನ್ನೂ ಮುಟ್ಟದೆ, ಅದರ ಹೊಟ್ಟೆಯೊಳಗೇ ಇನ್ನೊಂದು ಕಂಪ್ಯೂಟರು ಹೂಡಿದ್ದಳು. ವರ್ಚುವಲ್ ಮಷೀನ್ ಅನ್ನುತ್ತಾರಂತೆ. ಕೈಗೆ ಸಿಗದು, ಕೆಲಸ ಮಾತ್ರ ಮಾಡುತ್ತದೆ. ಅದರೊಳಗೊಂದು ಮೊಬೈಲಿನ ಚಿತ್ರ. ಓದು ಬಾರದವರಿಗೆ ಯಾವ ಹೊತ್ತಿಗೆ ಯಾವ ಮಾತ್ರೆ ಎಂದು ಬಣ್ಣದಲ್ಲಿ ತೋರಿಸುವ ಆ್ಯಪ್ ಅದರಲ್ಲಿ ತಯಾರಾಗಬೇಕು. ಇವತ್ತು ಸಂಜೆ ಐದರೊಳಗೆ ಕಂಪನಿಗೆ ಕಳಿಸಿದರೆ ಸೊಸೆಗೆ ಮನೆಯಲ್ಲೇ ಕೂತು ಮಾಡುವ ಕೆಲಸವೊಂದು ಸಿಗುತ್ತದೆ. ಐದು ದಾಟಿದರೆ ಇಲ್ಲ.

ಮಗ ಊಟ ಮುಗಿಸಿ ಬಂದು ಕುರ್ಚಿ ಎಳೆದುಕೊಂಡ.

"ನಂದು ಹಿಂದೆ ಬೇಯ್ತಿರ್ಲಿ ರೀ. ಒಂದು ಗಂಟೆ ಸಾಕು. ನೀವು ಮುಂದೆ ನಿಮ್ಮ ಬೋರ್ಡು ಮಾಡ್ಕೊಳ್ಳಿ."

"ಧಾರಾಳವಾಗಿ ಬೇಯ್ಲಿ. ನಾನೇನು ಬೇಡ ಅಂದ್ನಾ?" ಎಂದು ನಕ್ಕ. ಕಾಲು ಗಂಟೆಯೂ ಆಗಿರಲಿಲ್ಲ. "ಇದೇನೇ ಇದು? ಒಂದು ಅಕ್ಷರ ಎಳೆದ್ರೆ ಮೆಟ್ಟಿಲು ಹತ್ತಿದ ಮುದುಕನ ಹಾಗೆ ಏದುಸಿರು ಬಿಡುತ್ತೆ! ಸಂಜೆಗೆ ಬೋರ್ಡು ಕೊಡ್ಬೇಕು ನಾನು."

"ಸ್ವಲ್ಪ ಹೊಂದಿಸ್ಕೊಳ್ಳಮ್ಮ," ಎಂದರು ಅತ್ತೆ, ಬೇಳೆ ಆರಿಸುತ್ತಲೇ.

ಸೊಸೆ ಒಳಗಿನ ಕಂಪ್ಯೂಟರನ್ನು ಆರಿಸಿ, ಗುಂಡಿಯನ್ನು ನಾಲ್ಕರಿಂದ ಮೂರಕ್ಕೆ ತಂದು, ಮೊದಲಿನಿಂದ ಶುರು ಮಾಡಿದಳು. ಮೂರೇ ಕೊಟ್ಟರೆ ಒಂದೂವರೆ ಗಂಟೆ ಬೇಕು. ಆಗಲಿ, ಹೊತ್ತಿದೆ.

ಮೂರು ಗಂಟೆಗೆ ಮಗ ಮೇಜು ಕುಟ್ಟಿದ. ಈ ಸಲ ನಗಲಿಲ್ಲ. ಸೊಸೆ ಗಂಡನ ಕಡೆ ನೋಡದೆ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ನೀವೇ ಹೇಳಿ. ಎರಡಕ್ಕೆ ಇಳಿಸಿದ್ರೆ ಒಳಗಿಂದು ಏಳೋದೇ ಕಷ್ಟ."

ಅತ್ತೆಗೆ ತಮ್ಮ ಕಾಲದ ಅಕ್ಷರ ಪಾಠ ನೆನಪಾಯಿತು. ಮೊದಲು ವಾರಕ್ಕೆ ಐದು ದಿನ ಹೋಗುತ್ತಿದ್ದರು. ಮಾವನವರಿಗೆ ಬಿಸಿನೀರು ಕಾಯಿಸಲು ಜನ ಬೇಕೆಂದು ಮೂರು ದಿನವಾಯಿತು. ಕೂಸು ಹುಟ್ಟಿದ ಮೇಲೆ ಒಂದು ದಿನ. ಆಮೇಲೆ ಸ್ಲೇಟು ಹಿಟ್ಟಿನ ಡಬ್ಬಕ್ಕೆ ಮುಚ್ಚಳವಾಯಿತು. ಯಾರೂ ಬೇಡವೆಂದಿರಲಿಲ್ಲ. ಬೈದಿರಲೂ ಇಲ್ಲ. ಇಷ್ಟೆಲ್ಲ ನೆನಪಾಗುತ್ತಿದ್ದಂತೆಯೇ ಬಾಯಿ ಮಾತ್ರ ತನ್ನ ಹಳೇ ಅಭ್ಯಾಸದ ದಾರಿ ಹಿಡಿಯಿತು.

"ಅವನದೊಂದು ಮುಗೀಲಿ. ಒಂಚೂರು ಹೊಂದಿಸ್ಕೊ."

ಗುಂಡಿ ಎರಡಕ್ಕೆ ಬಂತು. ಒಳಗಿನ ಕಂಪ್ಯೂಟರು ಎದ್ದಿತು, ಆದರೆ ಅದರೊಳಗಿನ ಮೊಬೈಲು ಕಣ್ಣು ಬಿಡಲಿಲ್ಲ. ಕಪ್ಪು ಪರದೆ, ಅದರ ನಡುವೆ ಸುತ್ತುತ್ತಲೇ ಇರುವ ಒಂದು ಬಳೆ. ಸೊಸೆ ಮೂಲೆಯ ಸ್ಟೂಲಿನ ಮೇಲೆ ಕೂತು ಗಂಡನ ಹೆಗಲ ಮೇಲಿಂದ ಅದನ್ನೇ ನೋಡುತ್ತಿದ್ದಳು. ನಾಲ್ಕಾಯಿತು. ನಾಲ್ಕೂವರೆಗೆ ಬಳೆಯೂ ನಿಂತು, ಕೆಂಪು ಅಕ್ಷರದಲ್ಲಿ ಏನೋ ಬಂತು.

"ಏನಂತಮ್ಮ ಅದು?"

"ಸಾಲಲ್ವಂತೆ ಅತ್ತೆ."

"ಅವನಿಗೆ ಹೇಳ್ಲಾ? ಒಂದರ್ಧ ಗಂಟೆ ಏಳು ಅಂತೀನಿ."

"ಇನ್ನು ಎದ್ರೂ ಒಂದು ಗಂಟೆ ಬೇಕು. ಬಿಡಿ."

ಅತ್ತೆ ಬೇಳೆಯ ಮೊರವನ್ನು ಹಿಡಿದೇ ಇದ್ದರು. ಆರಿಸಿದ್ದೂ ಆರಿಸದ್ದೂ ಮತ್ತೆ ಬೆರೆತುಹೋಗಿತ್ತು.

ಐದೂ ಹತ್ತಕ್ಕೆ ಮಗ ಬೋರ್ಡನ್ನು ಕಳಿಸಿ ಎದ್ದ. ಸೊಸೆ ಕುರ್ಚಿಯ ತುದಿಯಲ್ಲಿ ಕೂತು, ಒಳಗಿನ ಕಂಪ್ಯೂಟರನ್ನು ಇಡಿಯಾಗಿ ಅಳಿಸುವ ಗುಂಡಿ ಒತ್ತಿದಳು. ಖಂಡಿತವಾ ಎಂದು ಅದು ಕೇಳಿತು. ಖಂಡಿತ ಎಂದು ಒತ್ತಿದಳು.

ಮಗ ಮೈಮುರಿದು, ಅವಳ ಹೆಗಲನ್ನು ಪ್ರೀತಿಯಿಂದ ತಟ್ಟಿದ.

"ನಾಳೆ ನಂಗೇನೂ ಕೆಲ್ಸ ಇಲ್ಲ ಕಣೇ. ಬೆಳಗಿಂದ ಸಂಜೆವರೆಗೂ ನೀನೇ ಕೂತ್ಕೊ."