ಹುಳಿಯಾರಿನ ಮೇಡಂ

ನಾಲ್ಕನೆಯ ಸಲ ಕಂಪ್ಯೂಟರಿನ ಪರದೆ ನೀಲಿಯಾಗಿ ನಿಂತುಹೋದಾಗ ಹನುಮಂತರಾಜು ಮಗಳತ್ತ ತಿರುಗಿ, “ಏನು ಮುಟ್ದೆ?” ಎಂದ. ಧನ್ಯಶ್ರೀ ಆಗಷ್ಟೇ ಹೊಸಿಲು ದಾಟಿ ಒಳಗೆ ಬಂದಿದ್ದಳು.

ಆ ಮನೆಯಲ್ಲಿ ಕಂಪ್ಯೂಟರ್ ಮುಟ್ಟುವ ಹಕ್ಕು ಒಬ್ಬನಿಗೇ ಇತ್ತು. ಎಂಟು ವರ್ಷದ ಹಿಂದೆ ಹಾಲಿನ ಸಂಘದ ಪರವಾಗಿ ಹನುಮಂತರಾಜು ಚಿಕ್ಕನಾಯಕನಹಳ್ಳಿಯಲ್ಲಿ ಎರಡು ದಿನದ ತರಬೇತಿ ಪಡೆದಿದ್ದ. ಎರಡನೆಯ ದಿನ ಊಟ ಮುಗಿಸಿ ಎದ್ದು ಬಂದಿದ್ದರೂ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ವೈರಸ್ ಬರದಿರಲೆಂದು ಮೂರು ಆಂಟಿವೈರಸ್ ತುಂಬಿದ್ದ. ಅವು ಒಂದನ್ನೊಂದು ವೈರಸ್ಸೆಂದೇ ಬಗೆದು ಹಗಲಿಡೀ ಕಾದಾಡುತ್ತಿದ್ದವು. ಇಂಟರ್ನೆಟ್ ಎಂದರೆ ಅವನ ಮೊಬೈಲು. ಅದನ್ನು ಕಿಟಕಿಯ ಸರಳಿಗೆ ತೆಂಗಿನ ನಾರಿನ ಹಗ್ಗದಿಂದ ಬಿಗಿದರೆ ಎರಡು ಗೀಟು ಸಿಗ್ನಲ್ ಬರುತ್ತಿತ್ತು. ದಿನದ ಒಂದೂವರೆ ಜಿಬಿ ಬೆಳಗಿನ ತಿಂಡಿಗೆ ಮೊದಲೇ ಯಾರ ಹೊಟ್ಟೆಗೋ ಹೋಗಿರುತ್ತಿತ್ತು.

ಧನ್ಯಶ್ರೀಗೆ ನರ್ಸಿಂಗ್ ಸೀಟು ಬೇಕಿತ್ತು. ಕಾಲೇಜುಗಳ ಆಯ್ಕೆ ಕಳಿಸಲು ಶುಕ್ರವಾರ ಸಂಜೆ ಐದಕ್ಕೆ ಕೊನೆ. ಅಂದು ಬುಧವಾರ.

“ಹುಳಿಯಾರಿನ ಸೈಬರ್‌ಗೆ ಹೋಗಿ ಕಳಿಸ್ಬುಟ್ಟು ಬತ್ತೀನಿ ಅಪ್ಪ.”

“ಮನೇಲಿ ಕಂಪ್ಯೂಟ್ರು ಮಡಿಕ್ಕಂಡು ಸೈಬರ್‌ಗೆ ಹೋದ್ರೆ ಜನ ಏನಂದಾರು?”

ಜನ ಏನೂ ಅನ್ನುತ್ತಿರಲಿಲ್ಲ. ಜನ ಕಾಯಿ ಸುಲಿಯುತ್ತಿದ್ದರು.

ಹೆಂಡತಿ ವನಜಾ ಬಸ್ಸಿಗೆ ಹೊರಟವಳು ಬಾಗಿಲಲ್ಲಿ ನಿಂತಳು. ಹುಳಿಯಾರಿಗೆ ಹೊಲಿಗೆ ಕಲಿಯಲೆಂದು ಅವಳು ಓಡಾಡತೊಡಗಿ ಒಂದೂವರೆ ವರ್ಷವಾಗಿತ್ತು.

“ರೀ, ಗಾಳಿ ಆಡ್ದೆ...”

“ಸೆಖೆ ಆದ್ರೆ ಆಚೆ ಕೂತ್ಕ.”

“ಆಯ್ತು,” ಎಂದು ಹೊರಟುಹೋದಳು. ಅವಳ ಮಾತುಗಳೆಲ್ಲ ಅಷ್ಟುದ್ದದವೇ. ಮಿಕ್ಕಿದ್ದನ್ನು ಇಪ್ಪತ್ತು ವರ್ಷದಿಂದ ಗಂಡನೇ ಮುಗಿಸಿಕೊಡುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಪರದೆ ಇನ್ನೆರಡು ಸಲ ನೀಲಿಯಾಯಿತು. ಧನ್ಯಶ್ರೀ ಒಂದು ನಂಬರು ಬರೆದು ತಂದಳು. “ಹುಳಿಯಾರಲ್ಲಿ ಒಬ್ರು ಮೇಡಂ ಅವ್ರೆ. ಫೋನಲ್ಲೇ ಸರಿ ಮಾಡಿಸ್ತಾರೆ.”

ಮೇಡಂ ಮಾತಾಡಿದ್ದು ವಾರ್ತೆ ಓದುವಂಥ ಕನ್ನಡ. ಹೆಂಗಸೊಬ್ಬಳು ನಡುವೆ ನಿಲ್ಲಿಸದೆ ಅಷ್ಟುದ್ದ ಮಾತಾಡುವುದನ್ನು ಹನುಮಂತರಾಜು ಅದುವರೆಗೆ ಕೇಳಿದ್ದು ರೇಡಿಯೊದಲ್ಲಿ ಮಾತ್ರ. ಅವನ ತರಬೇತಿಯ ವೃತ್ತಾಂತವನ್ನೂ ಆಕೆ ಪೂರ್ತಿ ಕೇಳಿಸಿಕೊಂಡಳು. ನಂತರ ಎರಡು ಆಂಟಿವೈರಸ್ ಕಿತ್ತುಹಾಕಿಸಿದಳು. ಬೆಳಗಾಗುತ್ತಲೇ ಕದ್ದು ಡೇಟಾ ನುಂಗುತ್ತಿದ್ದ ಅಪ್‌ಡೇಟುಗಳ ಬಾಯಿ ಕಟ್ಟಿಸಿದಳು. ಕಂಪ್ಯೂಟರ್ ಹೊಸ ಎತ್ತಿನಂತೆ ಹೆಜ್ಜೆ ಹಾಕಿತು.

“ಹೆಂಗಸು ಅಂದ್ರೆ ಹಿಂಗಿರ್ಬೇಕು ಕಣಮ್ಮ,” ಎಂದ ಮಗಳಿಗೆ. ಮಗಳಿಗೆ ಯಾಕೋ ಕೆಮ್ಮು ಬಂತು.

“ಮನೆಯಲ್ಲಿ ಬೇರೆ ಯಾರಾದರೂ ಇದನ್ನು ಬಳಸುತ್ತಾರಾ ಸರ್?” ಎಂದಳು ಮೇಡಂ.

“ಹೆಂಡ್ತಿ ಒಬ್ಳು ಅವ್ಳೆ. ಮಿಕ್ಸಿ ಸ್ವಿಚ್ಚು ಒತ್ತಾಕೂ ಹೆದರ್ತಾಳೆ.”

ಆ ಕಡೆ ಏನನ್ನೋ ಮೇಜಿನ ಮೇಲೆ ಕುಕ್ಕಿದ ಸದ್ದಾಯಿತು.

“ಸರಿ ಸರ್. ಪೆಟ್ಟಿಗೆ ಬಿಸಿಯೇರಿ ನಿಂತುಹೋಗುತ್ತಿದೆ. ಅದಕ್ಕೆ ಒತ್ತಿಕೊಂಡಿರುವ ಕೊಬ್ಬರಿ ಮೂಟೆಯನ್ನು ಜರುಗಿಸಿ.”

ಜರುಗಿಸಿದ. ಜರುಗಿಸಿದ ಮೇಲೆ ಹೊಳೆಯಿತು, ಮೂಟೆಯ ಮಾತನ್ನು ಅವನು ಎತ್ತಿಯೇ ಇರಲಿಲ್ಲ.

“ಮೂಟೆ ಇರಾದು ನಿಮ್ಗೆಂಗೆ ಗೊತ್ತಾಯ್ತು?”

“ನಮ್ಮ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಅಲ್ಲೇ ಇರುತ್ತದೆ ಸರ್.”

ಗುರುವಾರ ಅರ್ಜಿ ತೆರೆದು ಕಾಲೇಜುಗಳ ಆಯ್ಕೆಯನ್ನೂ ತುಂಬಿದ್ದಾಯಿತು. ಆದರೆ ಕೊನೆಯಲ್ಲಿ ಕಳಿಸಲು ಕೇಳಿದ ಪಾಸ್‌ವರ್ಡ್ ಎರಡು ಸಲ ತಪ್ಪಿತು. ಕಿಟಕಿಗೆ ಬಿಗಿದು ಸ್ಪೀಕರ್ ಹಾಕಿದ್ದ ಫೋನಿನಲ್ಲಿ ಮೇಡಂ ತಾಳ್ಮೆಯಿಂದ ಹೇಳಿದಳು, “ಧನ್ಯಶ್ರೀ ಅನ್ನುವುದರ ಮೊದಲ ಅಕ್ಷರ ದೊಡ್ಡದು ಹಾಕಿ ನೋಡಿ ಸರ್.”

ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಪಕ್ಕದ ತೋಟದ ತೋಂಟದಾರ್ಯನ ಕಿವಿ ನೆಟ್ಟಗಾಯಿತು. ಒಳಗೆ ಬಂದು ಗುಟ್ಟಿನಲ್ಲಿ ಕೇಳಿದ, “ಮಗಳ ಹೆಸ್ರು ನೀನೇಳಿದ್ದಾ?”

“ಇಲ್ಲ.”

“ಹೋಯ್ತು ಬುಡು. ಮೊದ್ಲು ಮಗಳ ಹೆಸ್ರು, ಆಮೇಲೆ ಬ್ಯಾಂಕು, ಕೊನೇಗೆ ತೋಟದ ಪಹಣಿ. ಇಂಥ ಸವಿ ಗಂಟಲೋರೇ ಕಣ್ಲಾ ಮನೆ ಗುಡಿಸಾದು.”

ಹನುಮಂತರಾಜು ಫೋನು ಕತ್ತರಿಸಿದ, ಪ್ಲಗ್ ಕಿತ್ತ. ಅರ್ಜಿ ಹೋಗಲು ಒಂದೇ ಒಂದು ಒತ್ತು ಬಾಕಿಯಿತ್ತು. ಧನ್ಯಶ್ರೀ ಗೋಡೆಗೆ ಮುಖ ಮಾಡಿ ಅತ್ತಳು. ತಾನು ಈಗಷ್ಟೇ ಇಡೀ ಮನೆತನವನ್ನು ಉಳಿಸಿದ್ದೇನೆಂದು ಅಪ್ಪ ಅವಳಿಗೆ ವಿವರಿಸಿದ. ಆ ಸಂಜೆ ಕಂಪ್ಯೂಟರ್ ಮೇಲೆ ಹಾಸಿದ ಹಳೆಯ ಪಂಚೆಯನ್ನು ಯಾರೂ ಎತ್ತಕೂಡದೆಂದು ಅಪ್ಪಣೆಯಾಯಿತು.

ಶುಕ್ರವಾರ ಬೆಳಿಗ್ಗೆ ಬಸ್ಸಿಗೆ ಹೊರಟ ವನಜಾ, “ಸಾಯಂಕಾಲ ಐದಕ್ಕೆ...” ಎಂದಳು.

“ಗೊತ್ತು. ಎಲ್ಲ ನಾನ್ ನೋಡ್ಕತೀನಿ.”

“ಆಯ್ತು.”

ಅವಳು ಹೋದ ಮೇಲೆ ಹನುಮಂತರಾಜು ಮಗಳನ್ನು ಗದರಿಸಿ ಆ ಮೇಡಂ ಇರುವ ಅಂಗಡಿಯ ವಿಳಾಸ ಪಡೆದ. ವಿಳಾಸ ಕೊಡುವಾಗ ಧನ್ಯಶ್ರೀ, “ಹೋಗ್ಲೇಬೇಕಾ ಅಪ್ಪ?” ಎಂದು ಎರಡು ಸಲ ಕೇಳಿದಳು. ಕಳ್ಳರ ಬಗ್ಗೆ ಮಕ್ಕಳಿಗೆ ಇರುವ ಹೆದರಿಕೆ ಅದೆಂದು ಅವನು ತಿಳಿದ.

ತೋಂಟದಾರ್ಯನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹನ್ನೊಂದರ ಹೊತ್ತಿಗೆ ಹುಳಿಯಾರು ಸೇರಿದ. ಬಸ್ ನಿಲ್ದಾಣದ ಹಿಂದೆ ಗೊಬ್ಬರದಂಗಡಿ, ಅದರ ಮೇಲೆ ಕಂಪ್ಯೂಟರ್ ಅಂಗಡಿ. ಮೆಟ್ಟಿಲ ಬುಡದಲ್ಲಿ ನಿಂತು ಆ ನಂಬರು ಒತ್ತಿದ. ಮಹಡಿಯಲ್ಲಿ ಫೋನು ಹೊಡೆದುಕೊಂಡಿತು.

“ನಮಸ್ಕಾರ ಸರ್.” ಒಂದು ಕಿವಿಗೆ ಮೊಬೈಲಿನಿಂದ, ಇನ್ನೊಂದಕ್ಕೆ ಮಹಡಿಯಿಂದ, ಅದೇ ದನಿ.

ತೋಂಟದಾರ್ಯ ಪೊಲೀಸ್ ಠಾಣೆಯ ನಂಬರು ತೆಗೆದಿಟ್ಟುಕೊಂಡ. ಹನುಮಂತರಾಜು ಎರಡೆರಡು ಮೆಟ್ಟಿಲು ಹಾರಿ ಬಾಗಿಲು ದೂಡಿದ. ನಾಲ್ಕು ಬಿಚ್ಚಿದ ಕಂಪ್ಯೂಟರುಗಳ ನಡುವೆ, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದ ಹೆಂಗಸೊಬ್ಬಳು ಅವನಿಗೆ ಬೆನ್ನು ಹಾಕಿ ಕೂತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳದ ಮೊದಲ ಪದಕ್ಕೆ ಅವನು ಬಾಯಿ ತೆರೆದ.

“ಧನ್ಯನ ಫಾರಂ ಹತ್ತು ಗಂಟೆಗೇ ಇಲ್ಲಿಂದ ಕಳಿಸ್ದೆ. ಬಾಗ್ಲು ಹಾಕ್ಕಂಡು ಬನ್ನಿ, ಧೂಳು ಬತ್ತದೆ,” ಎಂದಳು ವನಜಾ.